ನಾಲ್ಕು ಜನ, ಹದಿನಾರು ಸಾವಿರ ರೂಪಾಯಿ: ಹಂಪಿ, ಬಾದಾಮಿ, ವಿಜಯಪುರ ಮೂರೂ ಆಗುತ್ತಾ?

ಪ್ರಶ್ನೆ: ನಮ್ಮೂರು ಹೊಳಲ್ಕೆರೆ ತಾಲ್ಲೂಕು. ದಾವಣಗೆರೆಯಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಜನವರಿಯಲ್ಲಿ ಪರೀಕ್ಷೆ ಮುಗಿದ ಮೇಲೆ ನಾನು, ಇಬ್ಬರು ಗೆಳತಿಯರು, ಜೊತೆಗೆ ಪ್ರಥಮ ಪಿಯು ಓದುವ ನನ್ನ ತಮ್ಮ (17 ವರ್ಷ) ಐದು ದಿನ ಹಂಪಿ, ಬಾದಾಮಿ, ವಿಜಯಪುರ ನೋಡಿ ಬರೋಣ ಅಂತಿದ್ದೇವೆ. ತಲೆಗೆ ನಾಲ್ಕು ಸಾವಿರಕ್ಕಿಂತ ಹೆಚ್ಚು ಹಾಕಲು ಆಗುವುದಿಲ್ಲ. ಕಾಲೇಜ್ ಐಡಿ ತೋರಿಸಿದರೆ ರೈಲಲ್ಲಿ ಅರ್ಧ ಚಾರ್ಜು ಅಂತ ಒಬ್ಬರು ಹೇಳಿದರು. ವೇಟಿಂಗ್ ಲಿಸ್ಟ್ ಇದ್ದರೂ ಸ್ಲೀಪರ್ ಹತ್ತಿ ಟಿಟಿಗೆ ದುಡ್ಡು ಕಟ್ಟಿದರಾಯಿತು, ರಾತ್ರಿ ರೈಲ್ವೆ ಸ್ಟೇಷನ್ನಿನಲ್ಲೇ ಮಲಗಿದರೆ ಲಾಡ್ಜ್ ಖರ್ಚು ಉಳಿಯುತ್ತೆ ಅಂತ ಇನ್ನೊಬ್ಬರು ಹೇಳಿದರು. ಅಪ್ಪ ಒಪ್ಪಿದ್ದಾರೆ. ಆದರೆ ರಾತ್ರಿ ಎಲ್ಲಿ ಇರ್ತೀರಿ ಅನ್ನೋದು ಗಟ್ಟಿಯಾಗುವ ತನಕ ಕಳಿಸಲ್ಲ ಅಂದಿದ್ದಾರೆ. ದಯವಿಟ್ಟು ತಿಳಿಸಿ.

ಉತ್ತರ: ನೀವು ಕೇಳಿದ್ದು ದುಡ್ಡಿನ ಪ್ರಶ್ನೆ, ನಿಮ್ಮ ತಂದೆ ಕೇಳಿದ್ದು ರಾತ್ರಿಯ ಪ್ರಶ್ನೆ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ವಿದ್ಯಾರ್ಥಿಗಳ ಪ್ರವಾಸದ ಲೆಕ್ಕ ಹಾಕುವವರಿಗೆ ಮತ್ತೆ ಮತ್ತೆ ಕಾಣುವುದೇನೆಂದರೆ, ದುಡ್ಡು ಸೋರುವುದು ಟಿಕೆಟ್‌ನಲ್ಲಿ ಅಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಹೊಸ ಊರಲ್ಲಿ ಇಳಿಯುವುದರಲ್ಲಿ. ರಾತ್ರಿ ಹನ್ನೊಂದಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಇಳಿದವರು ಆಟೋದವನು ಹೇಳಿದ ರೇಟಿಗೆ ಆಟೋ ಹತ್ತುತ್ತಾರೆ, ಅವನು ತೋರಿಸಿದ ಲಾಡ್ಜಿಗೇ ಹೋಗುತ್ತಾರೆ. ಅಲ್ಲಿ ಚೌಕಾಸಿ ಮಾಡುವ ಧೈರ್ಯ ಯಾರಿಗೂ ಇರುವುದಿಲ್ಲ. ಅದೇ ಊರಿಗೆ ಬೆಳಗ್ಗೆ ಹನ್ನೊಂದಕ್ಕೆ ಇಳಿದರೆ ನಾಲ್ಕು ಲಾಡ್ಜ್ ನೋಡಬಹುದು, ಸಿಟಿ ಬಸ್ಸಿಗೆ ಕಾಯಬಹುದು. ಹಾಗಾಗಿ ಎಲ್ಲಿಗೆ ಹೋಗಬೇಕು ಅನ್ನುವುದಕ್ಕಿಂತ ಮೊದಲು ಎಲ್ಲಿ ಎಷ್ಟು ಹೊತ್ತಿಗೆ ಇಳಿಯುತ್ತೇವೆ ಅಂತ ಬರೆದುಕೊಳ್ಳಿ.

ಮೊದಲು ನಿಮಗೆ ಸಿಕ್ಕ ಸಲಹೆಗಳನ್ನು ಸೋಸಿಬಿಡೋಣ.

ಐಡಿ ಕಾರ್ಡ್ ತೋರಿಸಿದರೆ ರೈಲಲ್ಲಿ ಅರ್ಧ ಚಾರ್ಜು ಅನ್ನುವುದು ಸುಳ್ಳು. ಆದರೆ ಪೂರ್ತಿ ಸುಳ್ಳಲ್ಲ, ಅದಕ್ಕೇ ಇಷ್ಟು ವರ್ಷ ಬದುಕಿದೆ. ರೈಲ್ವೆಯಲ್ಲಿ ವಿದ್ಯಾರ್ಥಿ ರಿಯಾಯಿತಿ ಇದೆ. 2020ರ ಮಾರ್ಚ್‌ನಲ್ಲಿ ಹಿರಿಯ ನಾಗರಿಕರೂ ಸೇರಿ ಹಲವರ ರಿಯಾಯಿತಿ ನಿಂತಾಗಲೂ ವಿದ್ಯಾರ್ಥಿಗಳದ್ದು, ಅಂಗವಿಕಲರದ್ದು, ರೋಗಿಗಳದ್ದು ಉಳಿಯಿತು. ಅದು ಸಿಗುವುದು ಮುಖ್ಯವಾಗಿ ಎರಡು ಕಾರಣಕ್ಕೆ: ರಜೆಯಲ್ಲಿ ಸ್ವಂತ ಊರಿಗೆ ಹೋಗಿಬರಲು, ಇಲ್ಲವೇ ಕಾಲೇಜಿನ ಶೈಕ್ಷಣಿಕ ಪ್ರವಾಸಕ್ಕೆ. ಸೆಕೆಂಡ್ ಕ್ಲಾಸ್ ಮತ್ತು ಸ್ಲೀಪರ್‌ನಲ್ಲಿ ಸಾಮಾನ್ಯ ವರ್ಗದವರಿಗೆ ಶೇ 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 75. ರೈಲ್ವೆಯ ನಿಗದಿತ ನಮೂನೆಯಲ್ಲಿ ಪ್ರಾಂಶುಪಾಲರು ಸಹಿ, ಸೀಲು ಹಾಕಿದ ಪತ್ರ ಕೌಂಟರಿಗೆ ಕೊಟ್ಟು ಟಿಕೆಟ್ ಮಾಡಿಸಬೇಕು. ಆನ್‌ಲೈನ್‌ನಲ್ಲಿ ಬರುವುದಿಲ್ಲ, ತತ್ಕಾಲ್‌ಗೆ ಇಲ್ಲ, ಗೆಳತಿಯರ ತಿರುಗಾಟಕ್ಕೂ ಇಲ್ಲ. ಊರಿಗೆ ಅಂತ ಪತ್ರ ಬರೆಸಿಕೊಂಡು ಬೇರೆ ಕಡೆ ಹೋಗೋಣ ಅನ್ನುವ ಯೋಚನೆ ಬಂದಿದ್ದರೆ ಬಿಡಿ. ಪತ್ರದಲ್ಲಿ ಊರಿನ ಹೆಸರೇ ಇರುತ್ತದೆ, ಟಿಕೆಟ್ ಆ ಊರಿಗೇ ಆಗುತ್ತದೆ. ನಿಮ್ಮ ಇತಿಹಾಸ ವಿಭಾಗದವರು ನಿಜವಾಗಿಯೂ ಪ್ರವಾಸ ಹೊರಡಿಸುತ್ತಿದ್ದರೆ ಅದು ಬೇರೆ ಮಾತು. ಆಗ ತಿಂಗಳು ಮೊದಲೇ ಕಚೇರಿಯಲ್ಲಿ ಆ ನಮೂನೆಯ ವಿಚಾರ ಎತ್ತಿಸಿ.

ಬಸ್ ಪಾಸ್ ಕಥೆಯೂ ಹಾಗೇ. ಮನೆಯಿಂದ ಕಾಲೇಜಿಗೆ ಅಂತ ಕೊಟ್ಟ ಪಾಸ್ ಆ ದಾರಿಗೆ ಮಾತ್ರ ನಡೆಯುತ್ತದೆ. ನಿಮ್ಮ ತಮ್ಮ ಅದನ್ನು ಹೊಸಪೇಟೆ ಬಸ್ಸಿನಲ್ಲಿ ತೋರಿಸಿದರೆ ಕಂಡಕ್ಟರ್ ನಕ್ಕು ಟಿಕೆಟ್ ಹರಿಯುತ್ತಾರೆ, ಅಷ್ಟೇ.

ವೇಟಿಂಗ್ ಲಿಸ್ಟ್ ಸಲಹೆ ಮಾತ್ರ ಅಪಾಯದ್ದು. ಆನ್‌ಲೈನ್ ಟಿಕೆಟ್‌ನಲ್ಲಿ ಒಬ್ಬರಿಗೂ ಸೀಟು ಸಿಗದೆ ಎಲ್ಲರೂ ವೇಟಿಂಗ್‌ನಲ್ಲೇ ಉಳಿದರೆ ಚಾರ್ಟ್ ಆದಾಗ ಟಿಕೆಟ್ ತಾನಾಗಿ ರದ್ದಾಗುತ್ತದೆ. ಆಮೇಲೆ ಹತ್ತಿದರೆ ನೀವು ಟಿಕೆಟ್ ಇಲ್ಲದವರು. ಕೌಂಟರಿನಲ್ಲಿ ತೆಗೆದ ವೇಟಿಂಗ್ ಟಿಕೆಟ್ ಇದ್ದರೂ ಸ್ಲೀಪರ್ ಬೋಗಿಯಲ್ಲಿ ಕೂರುವಂತಿಲ್ಲ. ಟಿಕೆಟ್ ಇಲ್ಲದೆ ಸಿಕ್ಕವರಿಗೆ ಚಾರ್ಜಿನ ಜೊತೆ ಅಷ್ಟೇ ದಂಡ, ಅದೂ ಕನಿಷ್ಠ 250 ರೂಪಾಯಿ. ಎಲ್ಲಿ ಹತ್ತಿದಿರಿ ಅಂತ ತೋರಿಸಲು ಆಗದಿದ್ದರೆ ರೈಲು ಹೊರಟ ಮೊದಲ ನಿಲ್ದಾಣದಿಂದ ಚಾರ್ಜು ಹಿಡಿಯುತ್ತಾರೆ. ನಾಲ್ಕು ಜನರಿಗೆ ದಂಡವೇ ಸಾವಿರ, ನಿಮ್ಮ ಒಂದು ರಾತ್ರಿಯ ರೂಮಿನ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ಆರ್‌ಎಸಿ ಬೇರೆ ವಿಷಯ. ಅದರಲ್ಲಿ ಹತ್ತಬಹುದು, ಒಂದು ಬರ್ತ್‌ನಲ್ಲಿ ಇಬ್ಬರು ಕೂತು ಹೋಗಬೇಕು.

ಸ್ಟೇಷನ್ನಿನಲ್ಲಿ ಮಲಗುವುದು ಹೇಗೆ? ನಿರೀಕ್ಷಣಾ ಕೊಠಡಿ ಇರುವುದು ಕೈಯಲ್ಲಿ ಟಿಕೆಟ್ ಇರುವವರು ರೈಲಿಗೆ ಕಾಯಲು. ಬಸ್ಸಿನಲ್ಲಿ ಬಂದು ಬಸ್ಸಿನಲ್ಲೇ ಹೋಗುವವರನ್ನು ರಾತ್ರಿ ತಪಾಸಣೆಗೆ ಬಂದವರು ಎಬ್ಬಿಸಿ ಕಳಿಸುತ್ತಾರೆ. ಅದೂ ಎರಡು ಗಂಟೆ ರಾತ್ರಿಗೆ. ದೊಡ್ಡ ಸ್ಟೇಷನ್‌ಗಳಲ್ಲಿ ಡಾರ್ಮಿಟರಿ ಇರುತ್ತದೆ, ಆದರೆ ಮುಂಗಡ ಬುಕ್ ಮಾಡಲು ಖಚಿತ ಅಥವಾ ಆರ್‌ಎಸಿ ಆದ ಪಿಎನ್‌ಆರ್ ಬೇಕು. ನಿಮ್ಮ ದಾರಿಗೆ ಇದು ಹೊಂದುವುದಿಲ್ಲ.

ಹಾಗಾದರೆ ನಿಮಗೆ ನಿಜವಾಗಿ ಇರುವ ಅನುಕೂಲ ಯಾವುದು? ಶಕ್ತಿ ಯೋಜನೆ. 2023ರ ಜೂನ್ 11ರಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಚಾರ್ಜಿಲ್ಲ. ದಾವಣಗೆರೆಯ ಕೆಎಸ್‌ಆರ್‌ಟಿಸಿ, ಹೊಸಪೇಟೆಯ ಕಲ್ಯಾಣ ಕರ್ನಾಟಕ ಸಾರಿಗೆ, ಗದಗ, ಬಾದಾಮಿ ಕಡೆಯ ವಾಯವ್ಯ ಸಾರಿಗೆ ಮೂರಕ್ಕೂ ಇದು ಅನ್ವಯ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಇಲ್ಲ. ನಿಲ್ದಾಣದಲ್ಲಿ ಮೊದಲು ಬಂದ ಬಸ್ಸು ಹತ್ತುವ ಮುನ್ನ ಅದು ಯಾವುದು ಅಂತ ಕೇಳಿ. ರಾಜ್ಯದ ವಿಳಾಸ ಇರುವ ಸರ್ಕಾರಿ ಗುರುತಿನ ಚೀಟಿ ಬೇಕು. ಕಾಲೇಜ್ ಐಡಿ ನಂಬಿಕೊಂಡು ಹೋಗಬೇಡಿ. ಆಧಾರ್ ಅಸಲಿಯನ್ನೇ ಇಟ್ಟುಕೊಳ್ಳಿ. ಶೂನ್ಯ ಟಿಕೆಟ್ ಕೇಳಿ ಪಡೆದು ಇಳಿಯುವ ತನಕ ಇಟ್ಟುಕೊಳ್ಳಿ. ಬಿಟ್ಟಿ ತಾನೇ ಅಂತ ಅದನ್ನು ಹರಿದು ಕಿಟಕಿಯಿಂದ ಎಸೆದವರು ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾರೆ.

ಇಲ್ಲಿ ಒಂದು ತೊಡಕಿದೆ. ಚಾರ್ಜಿಲ್ಲದ ಬಸ್ಸು ಅಂದರೆ ತುಂಬಿದ ಬಸ್ಸು. ದಾವಣಗೆರೆಯಿಂದ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಮರಿಯಮ್ಮನಹಳ್ಳಿ ಮೇಲೆ ಹೊಸಪೇಟೆಗೆ ಸುಮಾರು 130 ಕಿ.ಮೀ., ಹತ್ತಿರ ಹತ್ತಿರ ನಾಲ್ಕು ತಾಸು. ಅಷ್ಟು ದೂರ ಬ್ಯಾಗ್ ಹೊತ್ತು ನಿಂತರೆ ಆ ದಿನ ಹಂಪಿಯಲ್ಲಿ ನಡೆಯಲು ಕಾಲಿರುವುದಿಲ್ಲ. ಅದಕ್ಕೆ ಮದ್ದು: ದೂರದಿಂದ ಬಂದು ಹಾದುಹೋಗುವ ಬಸ್ಸಿಗಿಂತ ನಿಮ್ಮ ನಿಲ್ದಾಣದಿಂದಲೇ ಹೊರಡುವ ಬಸ್ಸು ಹಿಡಿಯಿರಿ. ಹಿಂದಿನ ಸಂಜೆ ವಿಚಾರಣಾ ಕೌಂಟರಿನಲ್ಲಿ ‘ಹೊಸಪೇಟೆಗೆ ಇಲ್ಲಿಂದಲೇ ಬಿಡೋ ಮೊದಲ ಬಸ್ಸು ಎಷ್ಟು ಗಂಟೆಗೆ’ ಅಂತ ಕೇಳಿದರೆ ಸಾಕು. ಶನಿವಾರ, ಹುಣ್ಣಿಮೆ, ಅಮಾವಾಸ್ಯೆ ಬಿಡಿ. ಆ ದಿನ ದೇವಸ್ಥಾನದ ಜನವೂ ಸೇರುತ್ತಾರೆ.

ರೈಲು ಈ ಸಲ ನಿಮಗೆ ಲಾಭವಿಲ್ಲ. ರೈಲಲ್ಲಿ ಹೆಣ್ಣುಮಕ್ಕಳಿಗೂ ಟಿಕೆಟ್ ಬೇಕು, ಹೊಸಪೇಟೆಯಿಂದ ಬಾದಾಮಿಗೆ ಸಾಮಾನ್ಯವಾಗಿ ಗದಗದಲ್ಲಿ ರೈಲು ಬದಲಿಸಬೇಕು, ಬಾದಾಮಿ ಸ್ಟೇಷನ್ ಊರಿಂದ ಐದು ಕಿ.ಮೀ. ಆಚೆ ಇದೆ. ಒಂದು ವೇಳೆ ಬಸ್ಸು ಕೈಕೊಟ್ಟು ರೈಲು ಹತ್ತಲೇಬೇಕಾದರೆ ಮೂರು ವಿಷಯ ನೆನಪಿರಲಿ. 200 ಕಿ.ಮೀ. ಒಳಗಿನ ಜನರಲ್ ಟಿಕೆಟ್ ಇಡೀ ದಿನ ನಡೆಯುವುದಿಲ್ಲ. ಟಿಕೆಟ್ ತೆಗೆದ ಮೂರು ತಾಸಿನೊಳಗೆ, ಇಲ್ಲವೇ ಆ ಊರಿಗೆ ಹೋಗುವ ಮೊದಲ ರೈಲು ಹೊರಡುವುದರೊಳಗೆ, ಎರಡರಲ್ಲಿ ಯಾವುದು ತಡವೋ ಅಷ್ಟರಲ್ಲಿ ಪ್ರಯಾಣ ಶುರುವಾಗಬೇಕು. ಪ್ಯಾಸೆಂಜರ್ ಟಿಕೆಟ್‌ನಲ್ಲಿ ಎಕ್ಸ್‌ಪ್ರೆಸ್ ಹತ್ತಬಾರದು. ನಂಬರು 12, 20, 22ರಿಂದ ಶುರುವಾಗುವ ರೈಲು ಸೂಪರ್‌ಫಾಸ್ಟ್, ಅದಕ್ಕೆ ಸೆಕೆಂಡ್ ಕ್ಲಾಸ್‌ನಲ್ಲಿ 15 ರೂಪಾಯಿ ಹೆಚ್ಚು. ಇನ್ನೊಂದು, ಮಹಿಳಾ ಬೋಗಿ ಕಂಡರೆ ನೀವು ಮೂವರು ಆರಾಮಾಗಿ ಹತ್ತಬಹುದು, ತಮ್ಮ ಹತ್ತುವಂತಿಲ್ಲ. ಹನ್ನೆರಡು ವರ್ಷ ದಾಟಿದ ಗಂಡುಮಕ್ಕಳಿಗೆ ಅಲ್ಲಿ ಪ್ರವೇಶವಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನೀವು ಹೇಳಿದಂತೆ ಐದು ಹಗಲು, ಮೂರೂ ಊರು, ನಾಲ್ಕು ರಾತ್ರಿ ಲಾಡ್ಜ್, ಐದನೇ ರಾತ್ರಿ ವಾಪಸು ಬಸ್ಸು ಅಂತ ಇಟ್ಟುಕೊಳ್ಳಿ. ಇಬ್ಬರ ಸಾಧಾರಣ ರೂಮಿಗೆ 900 ಅಂದರೂ ಎರಡು ರೂಮಿಗೆ ರಾತ್ರಿಗೆ 1,800, ತಲೆಗೆ 450, ನಾಲ್ಕು ರಾತ್ರಿಗೆ 1,800. ಊಟ ತಿಂಡಿಗೆ ದಿನಕ್ಕೆ 250ರಂತೆ 1,250. ಪುರಾತತ್ವ ಇಲಾಖೆಯ ಪ್ರವೇಶ ಹಂಪಿಗೆ 40, ಪಟ್ಟದಕಲ್ಲಿಗೆ 40, ಬಾದಾಮಿ ಗುಹೆ, ಐಹೊಳೆ, ಗೋಲಗುಮ್ಮಟ, ಇಬ್ರಾಹಿಂ ರೋಜಾಕ್ಕೆ 25ರಂತೆ 100, ಒಟ್ಟು 180. ಆನ್‌ಲೈನ್‌ನಲ್ಲಿ ತೆಗೆದರೆ ಒಂದೊಂದಕ್ಕೆ ಐದು ರೂಪಾಯಿ ಕಡಿಮೆ. ಹದಿನೈದು ವರ್ಷದೊಳಗಿನವರಿಗೆ ಮಾತ್ರ ಬಿಟ್ಟಿ, ತಮ್ಮನಿಗೆ ಟಿಕೆಟ್ ಬೇಕು. ಬಾದಾಮಿಯಿಂದ ಐಹೊಳೆ, ಪಟ್ಟದಕಲ್ಲು ಸುತ್ತಲು ಆಟೋಗೆ 1,800 ಹಿಡಿದರೆ ತಲೆಗೆ 450. ಹಂಪಿಯಲ್ಲಿ ಆಟೋ, ಬ್ಯಾಟರಿ ಗಾಡಿ, ಸೈಕಲ್ ಅಂತ 300. ಕೂಡಿದರೆ ಒಬ್ಬ ಹುಡುಗಿಗೆ 3,980. ಇಪ್ಪತ್ತು ರೂಪಾಯಿ ಉಳಿತಾಯ! ತಮ್ಮನಿಗೆ ಬಸ್ ಚಾರ್ಜು ಇನ್ನೂ 1,200. ನಾಲ್ವರದೂ ಸೇರಿ 17,120 ಆಗುತ್ತದೆ. ನಿಮ್ಮ ಹದಿನಾರು ಸಾವಿರ ದಾಟಿತು, ಒಬ್ಬರಿಗೆ ಹೊಟ್ಟೆ ಕೆಟ್ಟರೆ ಮಾತ್ರೆಗೂ ದುಡ್ಡಿಲ್ಲ.

ಆದ್ದರಿಂದ ನನ್ನ ಸಲಹೆ: ವಿಜಯಪುರ ಈ ಸಲ ಬಿಡಿ. ಅದು ನೋಡಬೇಕಾದ ಊರಲ್ಲ ಅಂತಲ್ಲ, ದೂರ. ಅಲ್ಲಿಂದ ದಾವಣಗೆರೆಗೆ ಬರುವ ಸಂಜೆಯ ಗಾಡಿ ಯಾವುದಾದರೂ ನಿಮ್ಮನ್ನು ನಡುರಾತ್ರಿ ದಾಟಿದ ಮೇಲೇ ಇಳಿಸುತ್ತದೆ. ಆ ಹೊತ್ತಿಗೆ ಹಾಸ್ಟೆಲ್ ಗೇಟ್ ಯಾರು ತೆಗೆಯುತ್ತಾರೆ? ನಿಮ್ಮ ತಂದೆಗೆ ಉತ್ತರ ಕೊಡಲು ಆಗದ ರಾತ್ರಿ ಅದೊಂದೇ. ನಾಲ್ಕು ಹಗಲು, ಮೂರು ರಾತ್ರಿಗೆ ಇಳಿಸಿದರೆ ರೂಮಿಗೆ 1,350, ಊಟಕ್ಕೆ 1,000, ಪ್ರವೇಶಕ್ಕೆ 130, ಆಟೋ ಮತ್ತು ಓಡಾಟಕ್ಕೆ 750, ಒಟ್ಟು 3,230. ತಮ್ಮನಿಗೆ 800 ಬಸ್ ಚಾರ್ಜು ಸೇರಿಸಿ 4,030. ನಾಲ್ವರಿಗೂ 13,720. ಉಳಿಯುವ 2,280 ರೂಪಾಯಿಯನ್ನು ಖರ್ಚಿನ ದುಡ್ಡಿನ ಜೊತೆ ಬೆರೆಸದೆ ಒಬ್ಬರ ಬ್ಯಾಗಿನ ಒಳ ಜೇಬಿನಲ್ಲಿ ನಗದಾಗಿಯೇ ಇಡಿ. ಫೋನ್‌ಪೇ ಎಲ್ಲ ಕಡೆ ಇದೆ ನಿಜ, ಆದರೆ ಪಟ್ಟದಕಲ್ಲಿನ ಅಂಗಡಿ ಮುಂದೆ ನೆಟ್‌ವರ್ಕ್ ಸುತ್ತುತ್ತಾ ನಿಂತಾಗ ನೂರರ ನೋಟೇ ಗತಿ.

ಮೊದಲ ದಿನ ನಸುಕಿನ ಬಸ್ಸು ಹಿಡಿದರೆ ಹನ್ನೊಂದರೊಳಗೆ ಹೊಸಪೇಟೆ. ಉಳಿಯುವುದು ಹೊಸಪೇಟೆಯಲ್ಲೋ ಹಂಪಿಯಲ್ಲೋ ಅಂತ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. ಹಂಪಿಯ ಗೆಸ್ಟ್‌ಹೌಸ್‌ಗಳಲ್ಲಿ ಬೆಳಗಿನ ಹೊತ್ತು ಚೆಂದ, ಆದರೆ ಡಿಸೆಂಬರ್, ಜನವರಿಯಲ್ಲಿ ರೇಟು ಏರಿರುತ್ತದೆ. ನದಿಯಾಚೆ ವಿರೂಪಾಪುರ ಗಡ್ಡೆಯಲ್ಲಿ ಅಗ್ಗದ ರೂಮು ಸಿಗುತ್ತೆ ಅನ್ನುವುದು ಹಳೇ ಮಾತು. ಅಲ್ಲಿನ ರೆಸಾರ್ಟ್‌ಗಳನ್ನು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ತೆರವು ಮಾಡಿದ್ದಾರೆ. ಹೊಸಪೇಟೆಯಿಂದ ಹಂಪಿ 13 ಕಿ.ಮೀ., ಸರ್ಕಾರಿ ಬಸ್ಸು ಹಗಲೆಲ್ಲ ಓಡಾಡುತ್ತದೆ, ನಿಮಗೆ ಚಾರ್ಜೂ ಇಲ್ಲ. ಹೊಸಪೇಟೆ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ಹತ್ತಿರದ ಲಾಡ್ಜ್ ಹಿಡಿಯಿರಿ. ಬೀದಿಯ ಸದ್ದು ಇರುತ್ತದೆ, ರಸ್ತೆ ಕಡೆಯ ರೂಮು ಬೇಡ ಅನ್ನಿ. ಮೂರನೇ ದಿನ ನಸುಕಿನಲ್ಲಿ ಬಸ್ಸು ಹತ್ತಬೇಕಿರುವುದರಿಂದ ಈ ಹತ್ತಿರವೇ ಮುಖ್ಯ.

ಹಂಪಿಯ 40 ರೂಪಾಯಿ ಟಿಕೆಟ್‌ನಲ್ಲಿ ಒಂದು ಗುಟ್ಟಿದೆ. ವಿಠ್ಠಲ ದೇವಸ್ಥಾನ, ಕಮಲಮಹಲು ಇರುವ ಜನಾನಾ ಆವರಣ, ಕಮಲಾಪುರದ ವಸ್ತುಸಂಗ್ರಹಾಲಯ ಮೂರಕ್ಕೂ ಅದೇ ಟಿಕೆಟ್, ಆದರೆ ಅದೇ ದಿನ ಮಾತ್ರ. ಮೊದಲ ದಿನ ಮಧ್ಯಾಹ್ನ ಹೋಗಿ ವಿಠ್ಠಲ ನೋಡಿ, ಮರುದಿನ ಕಮಲಮಹಲಿಗೆ ಹೋದವರು ಎರಡು ಸಲ ದುಡ್ಡು ಕಟ್ಟುತ್ತಾರೆ. ಹಾಗಾಗಿ ಮೊದಲ ದಿನ ಟಿಕೆಟ್ ಬೇಡದವು: ಕಡಲೆಕಾಳು ಗಣಪ, ಸಾಸಿವೆಕಾಳು ಗಣಪ, ಉಗ್ರನರಸಿಂಹ, ಬಡವಿ ಲಿಂಗ. ಹೊತ್ತು ಮುಳುಗುವಾಗ ಹೇಮಕೂಟದ ಬಂಡೆ ಮೇಲೆ ಕೂತು ಬೆಳಕಿರುವಾಗಲೇ ಇಳಿದು ಬಸ್ಸು ಹಿಡಿಯಿರಿ. ಕೊನೆಯ ಬಸ್ಸು ಎಷ್ಟಕ್ಕೆ ಅಂತ ಬರುವಾಗಿನ ಕಂಡಕ್ಟರನ್ನೇ ಕೇಳಿ, ಅದಕ್ಕಿಂತ ಒಂದು ಬಸ್ಸು ಮೊದಲು ಹೊರಡಿ. ಮತಂಗ ಬೆಟ್ಟದ ಸೂರ್ಯಾಸ್ತ ಇನ್ನೂ ಚೆಂದ ಅನ್ನುತ್ತಾರೆ, ಆದರೆ ಕತ್ತಲಲ್ಲಿ ಇಳಿಯುವ ಮೆಟ್ಟಿಲಲ್ಲ ಅದು.

ಎರಡನೇ ದಿನ ಟಿಕೆಟ್ ದಿನ. ವಿರೂಪಾಕ್ಷ ಬಜಾರಿನ ಕೊನೆಯಿಂದ ನದಿ ದಂಡೆ ಹಿಡಿದು ಕೋದಂಡರಾಮ ದೇವಸ್ಥಾನದ ಮುಂದೆ ನಡೆದರೆ ವಿಠ್ಠಲಕ್ಕೆ ಎರಡು ಕಿ.ಮೀ. ಆಸುಪಾಸು. ಇದೇ ಜಾಗಕ್ಕೆ ಆಟೋದಲ್ಲಿ ಹೋದರೆ ಕಮಲಾಪುರ ಸುತ್ತಿ ಹೋಗಬೇಕು, ಗಾಡಿ ನಿಲ್ಲುವ ಕಡೆಯಿಂದ ಮತ್ತೆ ಒಂದು ಕಿ.ಮೀ. ಬ್ಯಾಟರಿ ಗಾಡಿ ಹತ್ತಬೇಕು. ನಡೆಯುವುದೇ ಚೆಂದ, ಆದರೆ ಬೆಳಗ್ಗೆ, ನಾಲ್ವರೂ ಒಟ್ಟಿಗೆ. ಬಿಸಿಲೇರಿದ ಮೇಲೆ ಬಂಡೆಯ ಕಾವು ಕೆಳಗಿನಿಂದಲೂ ಬಡಿಯುತ್ತದೆ, ಜನವರಿಯಾದರೂ ಅಷ್ಟೇ. ತಲಾ ಎರಡು ಲೀಟರ್ ನೀರಿರಲಿ. ಓಆರ್‌ಎಸ್ ಪೊಟ್ಟಣ ಒಯ್ದರೆ ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೆ, ಸಣ್ಣದು 200 ಮಿ.ಲೀ.ಗೆ. ದೊಡ್ಡದನ್ನು ಅರ್ಧ ಬಾಟಲಿಗೆ ಸುರಿದು ಕುಡಿದರೆ ಉಪ್ಪು ಹೆಚ್ಚಾಗಿ ದಾಹ ಇನ್ನೂ ಏರುತ್ತದೆ. ಎರಡನೇ ದಿನ ಶುಕ್ರವಾರ ಬೀಳದಂತೆ ನೋಡಿಕೊಳ್ಳಿ, ವಸ್ತುಸಂಗ್ರಹಾಲಯಕ್ಕೆ ಅವತ್ತು ರಜೆ. ಬಾದಾಮಿಯದಕ್ಕೂ, ಐಹೊಳೆಯದಕ್ಕೂ ಶುಕ್ರವಾರವೇ ರಜೆ.

ಆನೆಗೊಂದಿ ಕಡೆ ದಾಟುವ ಆಸೆಯಿದ್ದರೆ ಹಗಲಲ್ಲೇ ದಾಟಿ ಹಗಲಲ್ಲೇ ಬನ್ನಿ. ದೋಣಿ ಸಂಜೆಗೆ ನಿಲ್ಲುತ್ತದೆ, ಜಲಾಶಯದಿಂದ ನೀರು ಬಿಟ್ಟ ದಿನ ದೋಣಿಯೇ ಇರುವುದಿಲ್ಲ, ಆಗ ರಸ್ತೆಯಲ್ಲಿ ದೂರ ಸುತ್ತಬೇಕು. ಸಾಣಾಪುರದ ಕಾಲುವೆಯಲ್ಲಿ ನೀರು ಮೇಲೆ ಸಪ್ಪಗೆ ಕಾಣುತ್ತದೆ, ಒಳಗೆ ಸೆಳೆತ ಜೋರು. ಕಾಲುವೆಯ ಗೋಡೆ ಇಳಿಜಾರು, ಪಾಚಿ ಹಿಡಿದಿರುತ್ತದೆ. ಬಿದ್ದವರಿಗೆ ಹಿಡಿದು ಮೇಲೆ ಬರಲು ಏನೂ ಸಿಗುವುದಿಲ್ಲ. ಈಜು ಬಂದರೂ ಇಳಿಯಬೇಡಿ, ಕತ್ತಲಾದ ಮೇಲೆ ಆ ದಂಡೆಯಲ್ಲಿ ಕೂರಲೂ ಬೇಡಿ.

ಮೂರನೇ ದಿನ ಬೆಳಗ್ಗೆ ಆರರೊಳಗೆ ಹೊರಟು ಕೊಪ್ಪಳ, ಗದಗ ಮೇಲೆ ಬಾದಾಮಿ. ಒಟ್ಟು 160 ಕಿ.ಮೀ. ಆಗಬಹುದು. ನೇರ ಬಸ್ಸಿಗೆ ಕಾದು ಕೂರುವುದಕ್ಕಿಂತ ಗದಗದಲ್ಲಿ ಬದಲಿಸುವುದು ಒಳ್ಳೆಯದು, ಆ ದಾರಿಗೆ ಬಸ್ಸು ಹೆಚ್ಚು. ಹನ್ನೊಂದೂವರೆ ಒಳಗೆ ಬಾದಾಮಿ ಸೇರಿ, ಲಾಡ್ಜಿನಲ್ಲಿ ಬ್ಯಾಗ್ ಹಾಕಿ, ಆಟೋ ಮಾಡಿ. ದೂರದ ಐಹೊಳೆ ಮೊದಲು, ಬರುತ್ತಾ ಪಟ್ಟದಕಲ್ಲು. ಬಾದಾಮಿಯಿಂದ ಪಟ್ಟದಕಲ್ಲು 22 ಕಿ.ಮೀ., ಅಲ್ಲಿಂದ ಐಹೊಳೆ ಇನ್ನೂ 13 ಆಗಬಹುದು. ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನೀವು ಮೂರು ದಿನದಲ್ಲಿ ಎರಡನ್ನೂ ನೋಡುತ್ತಿದ್ದೀರಿ. ಆಟೋದವರ ಜೊತೆ ಮಾತಾಡುವಾಗ ‘ಐಹೊಳೆ, ಪಟ್ಟದಕಲ್ಲು ಎರಡೂ, ಒಂದೊಂದು ಕಡೆ ಒಂದೂವರೆ ತಾಸು ಕಾಯುವುದೂ ಸೇರಿ, ವಾಪಸು ಲಾಡ್ಜ್ ತನಕ’ ಅಂತ ಬಿಡಿಸಿ ಹೇಳಿ. ‘ಐಹೊಳೆಗೆ ಎಷ್ಟು’ ಅಂತ ಮಾತ್ರ ಕೇಳಿದವರಿಗೆ ಸಂಜೆ ಕಾಯುವ ಚಾರ್ಜಿನ ಜಗಳ ಖಂಡಿತ. ಖರ್ಚು ಇನ್ನೂ ಇಳಿಸಬೇಕಾದರೆ ಐಹೊಳೆ ಬಿಟ್ಟು ಪಟ್ಟದಕಲ್ಲಿಗೆ ಬಸ್ಸಿನಲ್ಲಿ ಹೋಗಿಬನ್ನಿ. ಆಟೋದ 1,800 ರೂಪಾಯಿಯಲ್ಲಿ ಬಹುಪಾಲು ಉಳಿಯುತ್ತದೆ.

ನಾಲ್ಕನೇ ದಿನ ಬೆಳಗ್ಗೆ ಗುಹೆಗಳು, ಅಗಸ್ತ್ಯತೀರ್ಥ, ಭೂತನಾಥ. ಅಲ್ಲಿಯ ಕೋತಿಗಳಿಗೆ ಪ್ಲಾಸ್ಟಿಕ್ ಚೀಲದ ಸದ್ದು ಗೊತ್ತು. ಕೈಯಲ್ಲಿ ತಿಂಡಿ ಹಿಡಿದು ಮೆಟ್ಟಿಲು ಹತ್ತಬೇಡಿ, ಕನ್ನಡಕ ಇರುವವರು ಹುಷಾರು. ಹನ್ನೊಂದಕ್ಕೆ ರೂಮು ಬಿಟ್ಟು ಬನಶಂಕರಿಗೆ ಬನ್ನಿ, ಐದು ಕಿ.ಮೀ. ಆಸುಪಾಸು. ದೇವಸ್ಥಾನದ ಮುಂದೆ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ: ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಸಣ್ಣ ಗಡಿಗೆಯಲ್ಲಿ ಹೆಪ್ಪು ಹಾಕಿದ ಗಟ್ಟಿ ಮೊಸರು. ಗಡಿಗೆ ಬೋರಲು ಹಾಕಿದರೂ ಬೀಳದ ಮೊಸರು ಅದು. ನಾಲ್ಕು ದಿನದಲ್ಲಿ ಅಗ್ಗದ ಊಟವೂ ರುಚಿಯ ಊಟವೂ ಅದೇ. ಕೂರುವ ಮೊದಲು ರೊಟ್ಟಿಗೆ ಎಷ್ಟು, ಮೊಸರಿಗೆ ಎಷ್ಟು ಅಂತ ಕೇಳಿಕೊಳ್ಳಿ. ಹನ್ನೆರಡೂವರೆಗೆ ಅಲ್ಲಿಂದ ಗದಗ, ಗದಗದಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ದಾವಣಗೆರೆ. ರಾತ್ರಿ ಎಂಟರ ಹೊತ್ತಿಗೆ ಹಾಸ್ಟೆಲ್.

ತಾರೀಕು ಗೊತ್ತು ಮಾಡುವ ಮುನ್ನ ಮನೆಯ ಕ್ಯಾಲೆಂಡರ್ ನೋಡಿ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ಅದು ಸಾಮಾನ್ಯವಾಗಿ ಜನವರಿಯಲ್ಲೇ ಬರುತ್ತದೆ, ವಾರಗಟ್ಟಲೆ ನಡೆಯುತ್ತದೆ, ಬಾದಾಮಿಯ ಲಾಡ್ಜುಗಳು ತುಂಬಿರುತ್ತವೆ. ಜಾತ್ರೆ ನೋಡುವುದೇ ಬೇರೆ ಸೊಗಸು, ಆದರೆ 900ರ ರೂಮು ಆಗ ಕನಸು.

ಊಟಕ್ಕೆ ದಿನಕ್ಕೆ 250 ಅನ್ನುವುದು ಬಿಗಿಯಾದ ಲೆಕ್ಕ, ದಾವಣಗೆರೆಯವರಿಗೆ ಆಗುತ್ತದೆ, ಏಕೆಂದರೆ ಮಂಡಕ್ಕಿ ಇದೆ. ಮಾಡುವ ತಪ್ಪು ಒಂದೇ: ಮನೆಯಲ್ಲೇ ಒಗ್ಗರಣೆ ಕಲಸಿ ಡಬ್ಬಿಗೆ ತುಂಬುವುದು. ಸಂಜೆ ಹೊತ್ತಿಗೆ ಅದು ಹಸಿ ಬಟ್ಟೆಯಂತಾಗಿರುತ್ತದೆ. ಒಣ ಮಂಡಕ್ಕಿಯನ್ನು ಬಿಗಿಯಾಗಿ ಕಟ್ಟಿದ ಚೀಲದಲ್ಲಿ, ಹುರಿಗಡಲೆ ಖಾರದ ಪುಡಿಯನ್ನು ಒಂದು ಡಬ್ಬಿಯಲ್ಲಿ, ಕರಿಬೇವು ಒಣಮೆಣಸಿನಕಾಯಿ ಹಾಕಿ ಕಾಯಿಸಿ ಆರಿಸಿದ ಎಣ್ಣೆಯನ್ನು ಮುಚ್ಚಳ ಗಟ್ಟಿಯಿರುವ ಸಣ್ಣ ಬಾಟಲಿಯಲ್ಲಿ ಬೇರೆ ಬೇರೆ ಒಯ್ಯಿರಿ. ಈರುಳ್ಳಿ, ಟೊಮೆಟೊ ಅಲ್ಲಲ್ಲೇ ಕೊಳ್ಳಿ. ತಿನ್ನುವಾಗ ಕಲಸಿದರೆ ನಾಲ್ಕನೇ ದಿನವೂ ಗರಿಗರಿ. ಇಂದಿರಾ ಕ್ಯಾಂಟೀನ್ ಇರುವ ಊರಿನಲ್ಲಿ ತಿಂಡಿ 5, ಊಟ 10 ರೂಪಾಯಿ. ಸರಿಯಾದ ಹೊತ್ತಿಗೆ ಹೋಗಬೇಕು, ತಡವಾದರೆ ಮುಗಿದಿರುತ್ತದೆ.

ಕೊನೆಗೆ ರೂಮಿನ ವಿಷಯ, ನಿಮ್ಮ ತಂದೆಯ ಪ್ರಶ್ನೆ. ಆ್ಯಪ್‌ನಲ್ಲಿ ಅಗ್ಗದ ರೂಮು ಬುಕ್ ಮಾಡಿ ನಿಶ್ಚಿಂತೆಯಾಗಬೇಡಿ. ಕೌಂಟರಿಗೆ ಹೋದಾಗ ‘ಹದಿನೆಂಟು ತುಂಬದವರಿಗೆ ಕೊಡಲ್ಲ’ ಅಂದರೆ ಬುಕಿಂಗ್ ತೋರಿಸಿ ಪ್ರಯೋಜನವಿಲ್ಲ. ತಮ್ಮನ ವಯಸ್ಸೇ ನಿಮ್ಮ ಗುಂಪಿನ ತೊಡಕು. ವಾರ ಮೊದಲೇ ಲಾಡ್ಜಿಗೆ ಫೋನ್ ಮಾಡಿ ಇಷ್ಟು ಕೇಳಿ: ಅಕ್ಕ ತಮ್ಮ ಒಂದು ರೂಮು, ಗೆಳತಿಯರಿಬ್ಬರು ಪಕ್ಕದ ರೂಮು, ತಮ್ಮನಿಗೆ ಹದಿನೇಳು, ಕೊಡುತ್ತೀರಾ? ಬಾಡಿಗೆ ತೆರಿಗೆ ಸೇರಿ ಎಷ್ಟು? ಬಿಸಿನೀರು ಎಷ್ಟು ಹೊತ್ತಿಗೆ? ಮತ್ತೆ ಮುಖ್ಯವಾದದ್ದು: 24 ಗಂಟೆಯ ಲೆಕ್ಕವೋ, ಮಧ್ಯಾಹ್ನ 12ಕ್ಕೆ ಖಾಲಿ ಮಾಡುವ ಲೆಕ್ಕವೋ? ಹನ್ನೆರಡರ ಲೆಕ್ಕದ ಲಾಡ್ಜಿಗೆ ಬೆಳಗ್ಗೆ ಏಳಕ್ಕೆ ಹೋದರೆ ಐದು ತಾಸಿಗೆ ಒಂದು ದಿನದ ಬಾಡಿಗೆ ತೆರಬೇಕಾದೀತು. ನೀವು ಎರಡೂ ಊರಿಗೆ ಹನ್ನೊಂದು, ಹನ್ನೆರಡರ ಹೊತ್ತಿಗೆ ಇಳಿಯುವಂತೆ ಮೇಲೆ ಜೋಡಿಸಿರುವುದು ಇದಕ್ಕೇ. ಫೋನಿನಲ್ಲಿ ‘ಆಗ್ಲಿ ಬನ್ನಿ’ ಅಂದವರ ಹೆಸರು ಬರೆದುಕೊಂಡು ಹೊರಡುವ ಹಿಂದಿನ ದಿನ ಇನ್ನೊಮ್ಮೆ ಮಾಡಿ.

ತಂದೆಯವರಿಂದ ಬಿಳಿ ಹಾಳೆಯಲ್ಲಿ ಒಂದು ಪತ್ರ ಬರೆಸಿಕೊಳ್ಳಿ: ಮಗ ಇಂಥ ತಾರೀಕಿಂದ ಇಂಥ ತಾರೀಕಿನವರೆಗೆ ಅಕ್ಕನ ಜೊತೆ ಹೋಗಲು ಒಪ್ಪಿದ್ದೇನೆ, ಸಹಿ, ಫೋನ್ ನಂಬರು, ಅವರ ಗುರುತಿನ ಚೀಟಿಯ ಜೆರಾಕ್ಸ್. ಲಾಡ್ಜಿನವರು ಆಧಾರ್ ಜೆರಾಕ್ಸ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಅಸಲಿ ತೋರಿಸಿ ವಾಪಸು ಪಡೆಯಿರಿ. ಎರಡು ಲಾಡ್ಜಿನ ಹೆಸರು, ನಂಬರು, ಯಾವ ರಾತ್ರಿ ಎಲ್ಲಿ ಅಂತ ಒಂದು ಚೀಟಿ ಮನೆಯಲ್ಲಿ, ಒಂದು ಹಾಸ್ಟೆಲ್ ವಾರ್ಡನ್ ಹತ್ತಿರ ಇರಲಿ. ತುರ್ತಿಗೆ 112, ರೈಲು ಹತ್ತಿದರೆ 139.

ವಿಜಯಪುರಕ್ಕೆ ಇನ್ನೊಂದು ಸಲ ಬೇರೆಯಾಗಿಯೇ ಹೋಗಿ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ವಾರ ತಪ್ಪಿಸಿ. ಹಿಂದಿನ ಸಂಜೆಯೇ ಊರು ಸೇರಿ, ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಗೋಲಗುಮ್ಮಟದ ಮೇಲೆ ಹತ್ತಿಬಿಡಿ. ಶಾಲೆ ಮಕ್ಕಳ ಬಸ್ಸುಗಳು ಬಂದವೆಂದರೆ ಆ ಗ್ಯಾಲರಿಯಲ್ಲಿ ಪಿಸುಮಾತು ಕೇಳಿಸುವುದಿಲ್ಲ, ಬರೀ ಕೂಗು.